ನಮ್ಮ ದಾರಿಗೆ ಯಾವ ಮೋಟಾರು ಸೈಕಲ್ಲು? ಸವಾರಿಯ ಗುಣವನ್ನು ಹೋಲಿಸುವ ಒಂದು ಪಾಠ



ಅಡಿಕೆಯನ್ನು ಕತ್ತರಿಸಿ ನೋಡದೆ, ಕಾಫಿಯ ತೇವಾಂಶವನ್ನು ಅಳೆಯದೆ, ಬೋರ್ಡೋ ದ್ರಾವಣದ ಹದವನ್ನು ಪರೀಕ್ಷಿಸದೆ ನಾವು ಯಾವುದನ್ನೂ ಒಪ್ಪುವುದಿಲ್ಲ. ಆದರೆ ಮೋಟಾರು ಸೈಕಲ್ಲು ಕೊಳ್ಳುವಾಗ ಮಾತ್ರ ಹೆಸರು, ಬಣ್ಣ, ಮೈಲೇಜು ಈ ಮೂರನ್ನೇ ಕೇಳಿ ಮುಂಗಡ ಕೊಟ್ಟುಬಿಡುತ್ತೇವೆ. ಈಚಿನ ದಿನಗಳಲ್ಲಿ ಇನ್ನೊಂದು ರೂಢಿಯೂ ಬಂದಿದೆ. ಬೆಂಗಳೂರಿನಲ್ಲಿರುವ ಮಗನೋ ಅಳಿಯನೋ ಅಲ್ಲಿಯ ರಸ್ತೆಯಲ್ಲಿ ಓಡಿಸಿ ನೋಡಿ, "ಚೆನ್ನಾಗಿದೆ" ಎಂದು ಫೋನು ಮಾಡಿದರೆ ಇಲ್ಲಿ ನಾವು ಹಣ ಹೊಂದಿಸುತ್ತೇವೆ. ಗಾಡಿ ಘಟ್ಟ ಹತ್ತಿ ಮನೆಗೆ ಬಂದ ಮೇಲೆ ಅದರ ನಿಜವಾದ ಗುಣ ತಿಳಿಯುತ್ತದೆ.

ನಾನೂ ಹೀಗೆಯೇ ಹೊರಟಿದ್ದವನು. ಕಳೆದ ಕೊಯ್ಲು ಮುಗಿದ ಮೇಲೆ ಜಯನಗರದಲ್ಲಿರುವ ಅಕ್ಕನ ಮನೆಗೆ ಹೋಗಿದ್ದಾಗ ಹೊಸ ಗಾಡಿಯ ಮಾತು ಬಂತು. ಅಕ್ಕನ ಮಗ ತನ್ನ ಸ್ನೇಹಿತರನ್ನೆಲ್ಲ ಸೇರಿಸಿ, ಒಂದು ಭಾನುವಾರ ಬೆಳಿಗ್ಗೆ ಐದು ಬಗೆಯ ಗಾಡಿಗಳನ್ನು ಮನೆಯ ಮುಂದೆ ನಿಲ್ಲಿಸಿದ. ಬನಶಂಕರಿಯಿಂದ ಹಳೆಯ ಯೆಜ್ಡಿ, ಬಿ.ಟಿ.ಎಂ. ಬಡಾವಣೆಯಿಂದ ಯಮಹಾ ಆರ್.ಎಕ್ಸ್. 100, ಜೆ.ಪಿ. ನಗರದಿಂದ ಈಚಿನ ಕ್ಲಾಸಿಕ್ 350, ಅವನದೇ ಸ್ಪ್ಲೆಂಡರ್, ನಾಲ್ಕನೇ ಬ್ಲಾಕಿನ ಪರಿಚಿತ ಹೂವಿನ ವ್ಯಾಪಾರಿಯ ಟಿ.ವಿ.ಎಸ್. ಎಕ್ಸ್.ಎಲ್. 100. "ಮಾವ, ಐದನ್ನೂ ಓಡಿಸಿ ನೋಡಿ, ಯಾವುದು ಹಿಡಿಸುತ್ತೋ ಹೇಳಿ" ಎಂದ. ಆ ದಿನ ನಾನು ಕಲಿತದ್ದನ್ನೂ, ಊರಿಗೆ ಬಂದ ಮೇಲೆ ತಿಳಿದದ್ದನ್ನೂ ಪಾಠದ ರೂಪದಲ್ಲಿ ಇಲ್ಲಿ ಬರೆದಿದ್ದೇನೆ.

1. ಮೊದಲು ಕೈಕಾಲಿನ ಅಭ್ಯಾಸ

ನಾನು ಇಪ್ಪತ್ತನಾಲ್ಕು ವರ್ಷ ಓಡಿಸಿದ್ದು ಹಳೆಯ ಮಾದರಿಯ ಬುಲೆಟ್. ಅದರಲ್ಲಿ ಗೇರು ಬಲಗಾಲಿಗೆ, ಹಿಂದಿನ ಬ್ರೇಕು ಎಡಗಾಲಿಗೆ. ಈಗಿನ ಎಲ್ಲ ಗೇರಿನ ಗಾಡಿಗಳಲ್ಲೂ ಇದು ತಿರುವು ಮುರುವು: ಗೇರು ಎಡಕ್ಕೆ, ಬ್ರೇಕು ಬಲಕ್ಕೆ. ಇದು ನನಗೆ ಗೊತ್ತಿಲ್ಲದ ವಿಷಯವಲ್ಲ. ಅಕ್ಕನ ಮಗ ಹೇಳಿದಾಗ "ಗೊತ್ತು ಮಾರಾಯ" ಎಂದೇ ಹತ್ತಿದೆ. ಅರ್ಧ ಕಿಲೋಮೀಟರು ಎಲ್ಲವೂ ಸರಿಯಾಗಿತ್ತು.

ನಾಲ್ಕನೇ ಟಿ ಬ್ಲಾಕಿನ ಒಂದು ಒಳರಸ್ತೆಯಲ್ಲಿ, ನಿಂತಿದ್ದ ಕಾರಿನ ಹಿಂದಿನಿಂದ ಚೆಂಡನ್ನು ಅಟ್ಟಿಸಿಕೊಂಡು ಒಬ್ಬ ಹುಡುಗ ರಸ್ತೆಗೆ ಬಂದುಬಿಟ್ಟ. ನನ್ನ ಎಡಗಾಲು ತಾನಾಗಿಯೇ ಬಲವಾಗಿ ಒತ್ತಿತು. ಅಲ್ಲಿದ್ದದ್ದು ಬ್ರೇಕಲ್ಲ, ಗೇರು. ಗಾಡಿ ಒಮ್ಮೆ ಜಗ್ಗಿತೇ ಹೊರತು ನಿಲ್ಲಲಿಲ್ಲ. ಬಲಗೈಯ ಮುಂದಿನ ಬ್ರೇಕು ಹಿಡಿದದ್ದರಿಂದ ಹುಡುಗನಿಂದ ಒಂದು ಮೊಳ ದೂರದಲ್ಲಿ ನಿಂತೆ. ಅವನು ಚೆಂಡು ಎತ್ತಿಕೊಂಡು ಓಡಿಹೋದ. ನನ್ನ ಕೈ ನಡುಗುವುದು ನಿಲ್ಲಲು ಬಹಳ ಹೊತ್ತು ಬೇಕಾಯಿತು. ಗಾಡಿಯದು ಎಳ್ಳಷ್ಟೂ ತಪ್ಪಿರಲಿಲ್ಲ.

ಆದ್ದರಿಂದ ಮೊದಲ ಪಾಠವಿದು. ಗಾಡಿಗಳನ್ನು ಹೋಲಿಸುವ ಮೊದಲು, ನಿಮ್ಮ ಕೈಕಾಲು ಯಾವ ಗಾಡಿಗೆ ಪಳಗಿದೆ ಎಂಬುದನ್ನು ನೆನಪಿಗೆ ತಂದುಕೊಳ್ಳಿ. ನಿಧಾನವಾಗಿ ಹೋಗುವಾಗ ತಲೆ ಗಾಡಿಯನ್ನು ಓಡಿಸುತ್ತದೆ. ಅಪಾಯ ಬಂದಾಗ ಅಭ್ಯಾಸವೇ ಓಡಿಸುತ್ತದೆ. ಗೇರು ಎಡಕ್ಕೇ ಇರುವ ಗಾಡಿಗಳಲ್ಲೂ ವ್ಯತ್ಯಾಸವಿದೆ. ಕೆಲವಕ್ಕೆ ಎಲ್ಲ ಗೇರನ್ನೂ ಒಂದೇ ದಿಕ್ಕಿಗೆ ಒತ್ತಬೇಕು, ಕೆಲವಕ್ಕೆ ಮೊದಲನೆಯದು ಕೆಳಕ್ಕೆ, ಉಳಿದವು ಮೇಲಕ್ಕೆ. ಹೊಸ ಗಾಡಿಯನ್ನು ಸ್ಟ್ಯಾಂಡ್ ಹಾಕಿ, ಎಂಜಿನು ನಿಲ್ಲಿಸಿ, ಅದರ ಮೇಲೆ ಕುಳಿತು ಇಪ್ಪತ್ತು ಸಲ ಬ್ರೇಕನ್ನೂ ಗೇರನ್ನೂ ಒತ್ತಿ ನೋಡಿದ ಮೇಲೆಯೇ ರಸ್ತೆಗೆ ಇಳಿಯಬೇಕು.

2. ತೂಕ: ಓಡುವಾಗ ಒಂದು, ನಿಂತಾಗ ಇನ್ನೊಂದು

ಕ್ಲಾಸಿಕ್ 350 ಗಾಡಿಯ ತೂಕ 195 ಕಿಲೋ. ಸ್ಪ್ಲೆಂಡರ್ ಸುಮಾರು 112 ಕಿಲೋ. ಎಕ್ಸ್.ಎಲ್. 100 ತೊಂಬತ್ತು ಕಿಲೋದ ಒಳಗೆ. ಅಂದರೆ ಕ್ಲಾಸಿಕ್ಕಿಗೂ ಸ್ಪ್ಲೆಂಡರಿಗೂ ಇರುವ ವ್ಯತ್ಯಾಸ, ಐವತ್ತು ಕಿಲೋದ ಒಂದೂವರೆ ಮೂಟೆ ಕಾಫಿಗಿಂತ ಹೆಚ್ಚು.

ಜೆ.ಪಿ. ನಗರದ ನೇರ ರಸ್ತೆಯಲ್ಲಿ ಈ ತೂಕ ಸುಖವನ್ನೇ ಕೊಟ್ಟಿತು. ಭಾರದ ಗಾಡಿ ಸಣ್ಣ ಹೊಂಡಗಳಿಗೆ ಅಲುಗದೆ, ಗಾಳಿಗೆ ವಾಲದೆ, ಕುಳಿತವನಿಗೆ ಧೈರ್ಯ ಕೊಡುತ್ತದೆ. ಅದೇ ಗಾಡಿಯನ್ನು ನಾಲ್ಕನೇ ಬ್ಲಾಕಿನ ಮಾರುಕಟ್ಟೆಯ ಜನಸಂದಣಿಯಲ್ಲಿ ತಿರುಗಿಸಬೇಕಾದಾಗ ಎರಡೂ ಕಾಲು ಊರಿ ತಳ್ಳಬೇಕಾಯಿತು. ಓಡುವಾಗ ಮರೆಯಾಗಿದ್ದ ತೂಕ ನಿಂತ ಕೂಡಲೇ ಮರಳಿ ಬರುತ್ತದೆ.

ನಮ್ಮ ತೋಟದ ದಾರಿಯಲ್ಲಿ ನಾವು ಓಡುವುದಕ್ಕಿಂತ ನಿಲ್ಲುವುದು, ತಿರುಗುವುದು, ತಳ್ಳುವುದೇ ಹೆಚ್ಚು. ಆಷಾಢದ ಕೆಸರಿನಲ್ಲಿ ಗಾಡಿ ಮಗ್ಗುಲಾದರೆ ಎತ್ತುವವರು ಯಾರು? ಮನೆಯಲ್ಲಿ ಮತ್ತೆ ಯಾರು ಯಾರು ಅದನ್ನು ಓಡಿಸುತ್ತಾರೆ? ಕೊಳ್ಳುವವನ ತೋಳಿನ ಬಲವನ್ನಷ್ಟೇ ಅಲ್ಲ, ಮನೆಯಲ್ಲಿ ಎಲ್ಲರಿಗಿಂತ ಕಡಿಮೆ ಬಲವುಳ್ಳ ಸವಾರನನ್ನು ಮನಸ್ಸಿನಲ್ಲಿಟ್ಟು ತೂಕವನ್ನು ಆಯ್ಕೆ ಮಾಡಬೇಕು.

ಆಸನದ ಎತ್ತರವೂ ಇದಕ್ಕೆ ಸೇರಿದ ಮಾತೇ. ಎರಡೂ ಪಾದಗಳು ಪೂರ್ತಿ ನೆಲಕ್ಕೆ ತಾಗಬೇಕು. ಬೆರಳ ತುದಿ ಮಾತ್ರ ತಾಗಿದರೆ ಬೆಂಗಳೂರಿನ ಡಾಂಬರಿನ ಮೇಲೆ ನಡೆದೀತು, ಪಾಚಿ ಹಿಡಿದ ಕಲ್ಲಿನ ಮೇಲೆ ನಡೆಯದು.

3. ಎಂಜಿನಿನ ಬಲ ಎಲ್ಲಿ ಸಿಗುತ್ತದೆ?

"ಎಷ್ಟು ಸಿ.ಸಿ.?" ಎಂದು ಕೇಳಿ ಬಲವನ್ನು ಅಳೆಯುವುದು ಅರ್ಧ ಸತ್ಯ. 1985ರಲ್ಲಿ ಬಂದ ಆರ್.ಎಕ್ಸ್. 100 ಗಾಡಿಯ ಎಂಜಿನು 98 ಸಿ.ಸಿ. ಸ್ಪ್ಲೆಂಡರಿನದು 97.2 ಸಿ.ಸಿ. ಗಾತ್ರ ಹೆಚ್ಚುಕಡಿಮೆ ಒಂದೇ. ಆದರೆ ಮೊದಲನೆಯದು 11 ಅಶ್ವಶಕ್ತಿ, ಎರಡನೆಯದು 8ರ ಆಸುಪಾಸು. ಆರ್.ಎಕ್ಸ್. ಎರಡು ಸ್ಟ್ರೋಕಿನದು, ಅದರಲ್ಲಿ ಎಂಜಿನಿನ ಪ್ರತಿ ಸುತ್ತಿಗೂ ಒಮ್ಮೆ ಪೆಟ್ರೋಲು ಉರಿಯುತ್ತದೆ. ಸ್ಪ್ಲೆಂಡರ್ ನಾಲ್ಕು ಸ್ಟ್ರೋಕಿನದು. ಅದರಲ್ಲಿ ಎರಡು ಸುತ್ತಿಗೆ ಒಮ್ಮೆ. ಎರಡು ಸ್ಟ್ರೋಕಿನ ಗಾಡಿ ಹಗುರವೂ ಚುರುಕೂ ಆಗುವುದು ಇದರಿಂದ. ಆದರೆ ಅದು ಪೆಟ್ರೋಲು ಹೆಚ್ಚು ಕುಡಿಯುತ್ತದೆ, ಹೊಗೆಯೂ ಹೆಚ್ಚು. ಆರ್.ಎಕ್ಸ್. 100 ತಯಾರಿಕೆ 1996ರಲ್ಲಿ ನಿಂತುಹೋಯಿತು. ಈಗ ಸಿಗುವುದೆಲ್ಲ ಕೈ ಬದಲಾದ ಗಾಡಿಗಳೇ.

ಸವಾರಿಯಲ್ಲಿ ಈ ವ್ಯತ್ಯಾಸ ಹೇಗೆ ಕಾಣುತ್ತದೆ? ರಾಗಿಗುಡ್ಡದಿಂದ ಸಿಲ್ಕ್ ಬೋರ್ಡಿನ ಕಡೆಗೆ 2024ರಲ್ಲಿ ತೆರೆದ ಎರಡಂತಸ್ತಿನ ಮೇಲ್ಸೇತುವೆ ಇದೆ. ಮೇಲೆ ಮೆಟ್ರೋ ರೈಲು, ಅದರ ಕೆಳಗೆ ವಾಹನಗಳ ದಾರಿ. ನಮ್ಮ ಘಾಟಿಗೆ ಹೋಲಿಸಿದರೆ ಅದರ ಏರು ಮಕ್ಕಳ ಜಾರುಬಂಡೆ. ಆದರೂ ಆ ಬಡಾವಣೆಗಳಲ್ಲಿ ಪರೀಕ್ಷೆಗೆ ಸಿಕ್ಕುವ ಏರು ಅದೇ ಆದ್ದರಿಂದ, ಅಕ್ಕನ ಮಗನನ್ನು ಹಿಂದೆ ಕೂರಿಸಿಕೊಂಡು ಒಂದೊಂದಾಗಿ ಹತ್ತಿಸಿದೆ.

ಆರ್.ಎಕ್ಸ್. ಮೊದಲು ಮಂಕಾಗಿ ಏರಿ, ಎಂಜಿನಿನ ಸುತ್ತು ಹೆಚ್ಚಿದ ಮೇಲೆ ಹಠಾತ್ತಾಗಿ ನುಗ್ಗಿತು. ಯುವಕರಿಗೆ ಅದರ ಮೇಲೆ ಮೋಹ ಬರುವುದು ಆ ಒಂದು ನುಗ್ಗಾಟಕ್ಕೇ. ಸ್ಪ್ಲೆಂಡರ್ ಒಂದು ಗೇರು ಇಳಿಸು ಎಂದು ಕೇಳಿತು. ಇಳಿಸಿದ ಮೇಲೆ ಸದ್ದಿಲ್ಲದೆ ಏರಿತು. ಕ್ಲಾಸಿಕ್ ಗೇರನ್ನು ಬದಲಿಸಗೊಡದೆ, ಮೊದಲಿದ್ದ ಲಯದಲ್ಲೇ ಹತ್ತಿತು. ಕಾರಣ, ತಿರುಚುವ ಬಲ. ಇಂಗ್ಲಿಷಿನಲ್ಲಿ ಇದಕ್ಕೆ ಟಾರ್ಕ್ ಎನ್ನುತ್ತಾರೆ. ಕ್ಲಾಸಿಕ್ಕಿನ ಗರಿಷ್ಠ ಟಾರ್ಕ್ 27 ನ್ಯೂಟನ್ ಮೀಟರ್, ಅದೂ ನಿಮಿಷಕ್ಕೆ 4000 ಸುತ್ತಿನಲ್ಲೇ ಸಿಗುತ್ತದೆ. ಸ್ಪ್ಲೆಂಡರಿನದು ಸುಮಾರು 8 ನ್ಯೂಟನ್ ಮೀಟರ್, 6000 ಸುತ್ತಿನಲ್ಲಿ. ಅಶ್ವಶಕ್ತಿ ಎಂದರೆ ಗಾಡಿ ಎಷ್ಟು ಬೇಗ ಓಡೀತು ಎಂಬ ಲೆಕ್ಕ; ಟಾರ್ಕ್ ಎಂದರೆ ಹೊರೆಯನ್ನು ಎಷ್ಟು ಸುಲಭವಾಗಿ ಎಳೆದೀತು ಎಂಬ ಲೆಕ್ಕ. ಓಟದ ಕುದುರೆಗೂ ಗಾಡಿಯ ಎತ್ತಿಗೂ ಇರುವ ವ್ಯತ್ಯಾಸ ಎಂದು ತಿಳಿದರೆ ಸಾಕು.

ಎಕ್ಸ್.ಎಲ್. ಗಾಡಿಯನ್ನು ಮೇಲ್ಸೇತುವೆಗೆ ಒಯ್ಯಲಿಲ್ಲ. ಅದರ ಮುಂದೆ ಒಂದು ಚೀಲ ತೆಂಗಿನಕಾಯಿ ಇಟ್ಟುಕೊಂಡು ಮಾರುಕಟ್ಟೆಯ ಸುತ್ತ ಓಡಿಸಿದೆ. ಹೊಸೂರಿನಲ್ಲಿ ತಯಾರಾಗುವ ಈ ವಂಶದ ಮೊದಲ ಗಾಡಿ, ಟಿ.ವಿ.ಎಸ್. 50, ಬಂದದ್ದು 1980ರಲ್ಲಿ. ಇದಕ್ಕೆ ಕ್ಲಚ್ಚಿನ ಹಿಡಿಯೂ ಇಲ್ಲ, ಗೇರೂ ಇಲ್ಲ. ವೇಗ ಬೇಡ, ಹೊರೆ ಸಾಗಿದರೆ ಸಾಕು ಎನ್ನುವವರಿಗೆ ಇದರಷ್ಟು ನಿರಾಯಾಸದ ಗಾಡಿ ಇನ್ನೊಂದಿಲ್ಲ. ಮುಂದೆ ಕಾಲಿನ ಬಳಿ ಜಾಗವಿರುವುದರಿಂದ ಹೊರೆ ತಗ್ಗಿನಲ್ಲಿ ಕೂರುತ್ತದೆ. ತಲೆಯ ಮೇಲಿನ ಮೂಟೆಗಿಂತ ಸೊಂಟದ ಮೇಲಿನ ಮೂಟೆ ಹೊರುವುದು ಸುಲಭವಲ್ಲವೇ? ಹಾಗೆಯೇ ಇದು.

4. ಮೈಸೂರಿನ ಗಾಡಿಯ ಮಾತು

ಯೆಜ್ಡಿಯನ್ನು ಬೇರೆಯಾಗಿಯೇ ಹೇಳಬೇಕು, ಏಕೆಂದರೆ ಅದು ನಮ್ಮ ರಾಜ್ಯದಲ್ಲೇ ತಯಾರಾದದ್ದು. ಫಾರೂಕ್ ಇರಾನಿ ಅವರು ಮೈಸೂರಿನಲ್ಲಿ ಕಟ್ಟಿದ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ತಯಾರಿಕೆ ಆರಂಭಿಸಿತು. ಮೊದಲು ಜೆಕೊಸ್ಲೊವಾಕಿಯಾದ ಜಾವಾ ಹೆಸರಿನಲ್ಲಿ, ಆಮೇಲೆ ಯೆಜ್ಡಿ ಹೆಸರಿನಲ್ಲಿ ಗಾಡಿಗಳು ಬಂದವು. 1996ರಲ್ಲಿ ಕಾರ್ಖಾನೆ ಮುಚ್ಚಿತು. 2018ರಲ್ಲಿ ಜಾವಾ ಹೆಸರೂ 2022ರಲ್ಲಿ ಯೆಜ್ಡಿ ಹೆಸರೂ ಮತ್ತೆ ಮಾರುಕಟ್ಟೆಗೆ ಬಂದಿವೆ. ಆದರೆ ಅವು ನಾಲ್ಕು ಸ್ಟ್ರೋಕಿನ ಬೇರೆಯೇ ಯಂತ್ರಗಳು. ಹಳೆಯದರ ಗುಣವನ್ನು ಹೊಸದರಲ್ಲಿ ಹುಡುಕಬಾರದು.

ಹಳೆಯ ಯೆಜ್ಡಿಯಲ್ಲಿ ಕಿಕ್ ಹೊಡೆಯುವ ಸನ್ನೆಯೂ ಗೇರು ಬದಲಿಸುವ ಸನ್ನೆಯೂ ಒಂದೇ. ಅದನ್ನು ಒಳಕ್ಕೆ ತಳ್ಳಿ ಮೇಲಕ್ಕೆ ತಿರುಗಿಸಿದರೆ ಕಿಕ್, ಮತ್ತೆ ಇಳಿಸಿದರೆ ಗೇರು. ಗೇರಿನ ಸನ್ನೆಯನ್ನು ಒತ್ತಿದಾಗ ಕ್ಲಚ್ಚು ತಾನೇ ಬಿಡುವ ಏರ್ಪಾಡೂ ಇದೆ. ಒಂದೇ ಸಿಲಿಂಡರಿಗೆ ಎರಡು ಹೊಗೆ ಕೊಳವೆ. ಚೈನು ಪೂರ್ತಿ ಮುಚ್ಚಿದ ಪೆಟ್ಟಿಗೆಯೊಳಗೆ ಓಡುವುದರಿಂದ ನಮ್ಮ ಕೆಮ್ಮಣ್ಣಿನ ಕೆಸರು ಅದಕ್ಕೆ ತಾಗುವುದಿಲ್ಲ. 250 ಸಿ.ಸಿ. ವರ್ಗದ ಎಂಜಿನು ಕಡಿಮೆ ಸುತ್ತಿನಲ್ಲೇ ಎಳೆಯುತ್ತದೆ. ಮಲೆನಾಡಿನಲ್ಲಿ ಇದು ಇಷ್ಟು ಕಾಲ ಬಾಳಿದ್ದಕ್ಕೆ ಇವೆಲ್ಲ ಕಾರಣ. ಜುಲೈ ತಿಂಗಳ ಎರಡನೇ ಭಾನುವಾರವನ್ನು ಜಾವಾ ದಿನವೆಂದು ಆಚರಿಸುವ ಅಭಿಮಾನಿಗಳು ಬೆಂಗಳೂರಿನಲ್ಲಿ ಈಗಲೂ ಇದ್ದಾರೆ. ಅಭಿಮಾನಕ್ಕೆ ಅದು ಸರಿ. ದಿನನಿತ್ಯದ ದುಡಿಮೆಗೆ ಬೇಕೆನ್ನುವವರು ಮಾತ್ರ, ಬಿಡಿಭಾಗ ಎಲ್ಲಿ ಸಿಗುತ್ತದೆ, ಅದನ್ನು ಬಲ್ಲ ಮೆಕ್ಯಾನಿಕ್ ಎಷ್ಟು ದೂರದಲ್ಲಿದ್ದಾನೆ ಎಂಬುದನ್ನು ಮೊದಲು ವಿಚಾರಿಸಿಕೊಳ್ಳಬೇಕು.

5. ಜಯನಗರದಲ್ಲಿ ಕಾಣದ ಗುಣ: ಇಳಿಜಾರು

ಜಯನಗರ, ಬನಶಂಕರಿಗಳ ಮರದ ನೆರಳಿನ ರಸ್ತೆಯಲ್ಲಿ ಐದು ಗಾಡಿಯೂ ಚೆನ್ನಾಗಿಯೇ ಓಡಿದವು. ಆದರೆ ನಮ್ಮಲ್ಲಿ ಅನೇಕರಿಗೆ ಪೇಟೆ ಎಂದರೆ ಘಾಟಿ ಇಳಿಯುವುದು. ಆಗುಂಬೆಯಲ್ಲಿ 14 ಹಿಮ್ಮುರಿ ತಿರುವುಗಳಿವೆ. ಚಾರ್ಮಾಡಿ, ಸಂಪಾಜೆಗಳೂ ಸಾಮಾನ್ಯವಲ್ಲ. ಅಲ್ಲಿ ಗಾಡಿ ಎಷ್ಟು ಓಡುತ್ತದೆ ಎಂಬುದಕ್ಕಿಂತ ಎಷ್ಟು ತಡೆದುಕೊಳ್ಳುತ್ತದೆ ಎಂಬುದೇ ಮುಖ್ಯ.

ನಾಲ್ಕು ಸ್ಟ್ರೋಕಿನ ಗಾಡಿಯಲ್ಲಿ ಆಕ್ಸಿಲರೇಟರ್ ಬಿಟ್ಟರೆ ಎಂಜಿನೇ ಚಕ್ರವನ್ನು ಹಿಂದಕ್ಕೆ ಹಿಡಿದಂತೆ ಆಗುತ್ತದೆ. ಗೇರು ಚಿಕ್ಕದಾದಷ್ಟೂ ಹಿಡಿತ ಹೆಚ್ಚು. ಎರಡು ಸ್ಟ್ರೋಕಿನ ಗಾಡಿಯಲ್ಲಿ ಈ ಹಿಡಿತ ಬಹಳ ಕಡಿಮೆ. ಬಿಟ್ಟರೆ ಜಾರುತ್ತಲೇ ಹೋಗುತ್ತದೆ. ಹಾಗಾಗಿ ಅದರ ಬ್ರೇಕಿಗೆ ದುಡಿಮೆ ಹೆಚ್ಚು, ಬಿಸಿಯೂ ಹೆಚ್ಚು. ಪೆಟ್ರೋಲಿನಲ್ಲೇ ಎಣ್ಣೆ ಬೆರೆಸುವ ಯೆಜ್ಡಿಯಂಥ ಗಾಡಿಗಳಲ್ಲಿ ಇನ್ನೊಂದು ಸೂಕ್ಷ್ಮವಿದೆ. ಆಕ್ಸಿಲರೇಟರ್ ಮುಚ್ಚಿಕೊಂಡು ಉದ್ದಕ್ಕೂ ಇಳಿದರೆ ಪೆಟ್ರೋಲಿನ ಜೊತೆಗೆ ಎಣ್ಣೆಯೂ ಕಡಿಮೆಯಾಗಿ ಪಿಸ್ಟನ್ ಒಣಗುತ್ತದೆ. ಆಗಾಗ ಕ್ಲಚ್ಚು ಹಿಡಿದು ಸ್ವಲ್ಪ ಆಕ್ಸಿಲರೇಟರ್ ಕೊಡುವ ಹಿರಿಯರ ಪದ್ಧತಿ ಬಂದದ್ದು ಈ ಕಾರಣಕ್ಕೆ. ಎಕ್ಸ್.ಎಲ್. ನಾಲ್ಕು ಸ್ಟ್ರೋಕಿನದೇ ಆದರೂ, ಅದರ ತಾನೇ ಹಿಡಿಯುವ ಕ್ಲಚ್ಚು ವೇಗ ತೀರ ಕಡಿಮೆಯಾದಾಗ ತಾನೇ ಬಿಟ್ಟುಬಿಡುತ್ತದೆ. ಆಗ ಎಂಜಿನಿನ ತಡೆ ಇಲ್ಲದೆ ಬ್ರೇಕೊಂದೇ ಆಧಾರ. ಹೊರೆ ಹೇರಿಕೊಂಡು ಕಡಿದಾದ ಇಳಿಜಾರಿಗೆ ಇಳಿಯುವಾಗ ಇದನ್ನು ಮರೆಯಬಾರದು.

ಎಲ್ಲ ಗಾಡಿಗೂ ಸಲ್ಲುವ ನಿಯಮವೊಂದಿದೆ: ಯಾವ ಗೇರಿನಲ್ಲಿ ಏರಿದಿರೋ ಅದೇ ಗೇರಿನಲ್ಲಿ ಇಳಿಯಿರಿ. ಪೆಟ್ರೋಲು ಉಳಿಸಲೆಂದು ಎಂಜಿನು ನಿಲ್ಲಿಸಿ, ನ್ಯೂಟ್ರಲ್ ಮಾಡಿ ಇಳಿಯುವವರು ನಮ್ಮಲ್ಲಿ ಇನ್ನೂ ಇದ್ದಾರೆ. ನಾಲ್ಕು ರೂಪಾಯಿಯ ಪೆಟ್ರೋಲಿಗೆ ಪ್ರಾಣವನ್ನು ಅಡವಿಡುವ ಕೆಲಸವದು.

6. ಬ್ರೇಕು ಮತ್ತು ನೀರು

ಡ್ರಮ್ ಬ್ರೇಕಿನೊಳಗೆ ಹಳ್ಳದ ನೀರು ಹೊಕ್ಕರೆ ಸ್ವಲ್ಪ ಹೊತ್ತು ಹಿಡಿತವಿರುವುದಿಲ್ಲ. ಹಳ್ಳ ದಾಟಿದ ಕೂಡಲೇ, ನಿಧಾನವಾಗಿ ಹೋಗುತ್ತ ಬ್ರೇಕನ್ನು ಹಗುರವಾಗಿ ಒತ್ತಿ ಹಿಡಿದರೆ ಆ ಬಿಸಿಗೆ ಒಣಗುತ್ತದೆ. ಡಿಸ್ಕ್ ಬ್ರೇಕು ಬೇಗ ಒಣಗುತ್ತದೆ, ಆದರೆ ಕೆಸರು ಮೆತ್ತಿಕೊಂಡರೆ ತೊಳೆಯಬೇಕು.

2019ರ ಏಪ್ರಿಲಿನಿಂದ 125 ಸಿ.ಸಿ.ಗೆ ಮೇಲ್ಪಟ್ಟ ಹೊಸ ಗಾಡಿಗಳಿಗೆ ಎ.ಬಿ.ಎಸ್. ಏರ್ಪಾಡು ಕಡ್ಡಾಯವಾಯಿತು. ಬಲವಾಗಿ ಬ್ರೇಕು ಒತ್ತಿದಾಗಲೂ ಚಕ್ರ ಪೂರ್ತಿ ಬಿಗಿದುಕೊಂಡು ಜಾರದಂತೆ ಅದು ನೋಡಿಕೊಳ್ಳುತ್ತದೆ. ಅದಕ್ಕಿಂತ ಚಿಕ್ಕ ಗಾಡಿಗಳಿಗೆ, ಒಂದು ಬ್ರೇಕು ಒತ್ತಿದರೆ ಎರಡೂ ಚಕ್ರಕ್ಕೆ ಹಿಡಿಯುವ ಜೋಡಿ ಬ್ರೇಕಿನ ಏರ್ಪಾಡು ಬಂತು. ಅದಕ್ಕೂ ಹಿಂದಿನ ಹಳೆಯ ಗಾಡಿ ಕೊಳ್ಳುವವರು ಈ ಸಹಾಯ ತಮಗಿಲ್ಲ ಎಂಬುದನ್ನು ತಿಳಿದೇ ಓಡಿಸಬೇಕು. ಒಳ್ಳೆಯ ಹೆಲ್ಮೆಟ್ಟು ಸವಾರನಿಗೂ ಹಿಂದೆ ಕೂತವರಿಗೂ ಬೇಕು. ಪೇಟೆಯಲ್ಲಿ ಪೊಲೀಸರಿಗೆ ಹೆದರಿ ತೊಟ್ಟು, ತೋಟದ ಗೇಟಿನಲ್ಲಿ ತೆಗೆದಿಡುವ ವಸ್ತುವಲ್ಲ ಅದು.

7. ನೀವೇ ಮಾಡಬಹುದಾದ ಪರೀಕ್ಷೆ

ಗಾಡಿ ನೋಡಲು ಹೋದಾಗ ಒಂದು ಕಾಗದದಲ್ಲಿ ಈ ಆರು ಅಂಶಗಳನ್ನು ಬರೆದುಕೊಂಡು, ಪ್ರತಿ ಗಾಡಿಗೂ ಹತ್ತಕ್ಕೆ ಎಷ್ಟು ಅಂಕ ಎಂದು ಅಲ್ಲೇ ಗುರುತು ಮಾಡಿಕೊಳ್ಳಿ. ಮನೆಗೆ ಬಂದು ನೆನಪಿನಿಂದ ಬರೆದರೆ ಬಣ್ಣವೇ ಗೆಲ್ಲುತ್ತದೆ.

(ಅ) ಎಂಜಿನು ನಿಲ್ಲಿಸಿ ಗಾಡಿಯನ್ನು ಹತ್ತು ಹೆಜ್ಜೆ ಮುಂದಕ್ಕೆ, ಹತ್ತು ಹೆಜ್ಜೆ ಹಿಂದಕ್ಕೆ ತಳ್ಳಿ. ಉಸಿರು ಬಂದರೆ ಅಂಕ ಕಡಿಮೆ.

(ಆ) ನಡಿಗೆಯ ವೇಗದಲ್ಲಿ, ಕಾಲು ಊರದೆ, ಇಪ್ಪತ್ತು ಮಾರು ಹೋಗಿ. ತೋಟದ ದಾರಿಯ ಪರೀಕ್ಷೆ ಇದೇ.

(ಇ) ನೀವು ದಿನವೂ ಹೊರುವಷ್ಟು ಭಾರವನ್ನು ಹಿಂದೆ ಕೂರಿಸಿಕೊಂಡು ಏರಿನ ಮಧ್ಯದಲ್ಲಿ ನಿಲ್ಲಿಸಿ, ಮತ್ತೆ ಹೊರಡಿಸಿ.

(ಈ) ಸಣ್ಣ ಇಳಿಜಾರಿನಲ್ಲಿ ಎರಡನೇ ಗೇರಿನಲ್ಲಿ ಆಕ್ಸಿಲರೇಟರ್ ಬಿಟ್ಟು, ಗಾಡಿ ತಾನೇ ಎಷ್ಟು ಹಿಡಿಯುತ್ತದೆ ನೋಡಿ.

(ಉ) ಖಾಲಿ ರಸ್ತೆಯಲ್ಲಿ ಎರಡೂ ಬ್ರೇಕನ್ನು ಒಟ್ಟಿಗೆ ಒತ್ತಿ. ಗಾಡಿ ನೇರವಾಗಿ ನಿಲ್ಲಬೇಕು, ಅಡ್ಡಕ್ಕೆ ಎಳೆಯಬಾರದು.

(ಊ) ಅರ್ಧ ಗಂಟೆ ಓಡಿಸಿ ಇಳಿದ ಮೇಲೆ ಅಂಗೈ ಜುಮ್ಮೆನ್ನುತ್ತದೆಯೇ, ಬೆನ್ನು ನೋಯುತ್ತದೆಯೇ ಗಮನಿಸಿ. ದೊಡ್ಡ ಒಂಟಿ ಸಿಲಿಂಡರಿನ ಹಳೆಯ ಗಾಡಿಗಳಲ್ಲಿ ನಡುಕ ಸಹಜ. ಈಗಿನ ಕ್ಲಾಸಿಕ್ಕಿನಲ್ಲಿ ಅದನ್ನು ತಗ್ಗಿಸಲು ಎಂಜಿನಿನೊಳಗೆ ಸಮತೋಲದ ದಂಡವಿದೆ. ವ್ಯತ್ಯಾಸ ಕೈಗೆ ತಿಳಿಯುತ್ತದೆ.

8. ಕೊನೆಗೆ ನಾನು ಮಾಡಿದ್ದು

ಆ ಸಂಜೆ ಯೆಜ್ಡಿಯನ್ನು ಹಿಂತಿರುಗಿಸಲು ಬನಶಂಕರಿಗೆ ಹೋದಾಗ, ಹಳೆಯ ಗಾಡಿಗಳನ್ನೇ ರಿಪೇರಿ ಮಾಡುವ ಹಿರಿಯ ಮೆಕ್ಯಾನಿಕ್ ಒಬ್ಬರಿಗೆ ನನ್ನ ಲೆಕ್ಕಾಚಾರ ಹೇಳಿದೆ. ಬುಲೆಟ್ಟನ್ನು ಇಟ್ಟುಕೊಂಡು, ತೋಟಕ್ಕೆಂದು ಚಿಕ್ಕದೊಂದು ಹೊಸ ಗಾಡಿ ತರುವುದು ನನ್ನ ಯೋಚನೆಯಾಗಿತ್ತು. ಬೆಳಗಿನ ಘಟನೆಯನ್ನೂ ಹೇಳಿದೆ. ಅವರು ಕೈ ಒರೆಸಿಕೊಳ್ಳುತ್ತ, "ಸಾರ್, ತಲೆ ಹೊಸದನ್ನು ಬೇಗ ಕಲಿಯುತ್ತೆ, ಕಾಲು ಕಲಿಯಲ್ಲ. ಒಂದೇ ಮನೇಲಿ ಎರಡು ಥರದ ಗಾಡಿ ಇಟ್ಕೋಬೇಡಿ. ನಿಮ್ಮ ಮಗ ಅದನ್ನೂ ಇದನ್ನೂ ಓಡಿಸ್ತಾನಲ್ಲ" ಎಂದರು.

ಊರಿಗೆ ಬಂದು ಎಂಟು ದಿನ ಯೋಚಿಸಿದೆ. ಮಗಳ ಹೆರಿಗೆಗೆ ನಡುರಾತ್ರಿ ವೈದ್ಯರನ್ನು ಕರೆತಂದದ್ದು ಆ ಬುಲೆಟ್ಟಿನಲ್ಲೇ. ಆದರೆ ಚೆಂಡಿನ ಹಿಂದೆ ಓಡಿ ಬಂದ ಹುಡುಗನ ಮುಖವೂ ಕಣ್ಣ ಮುಂದಿನಿಂದ ಹೋಗಲಿಲ್ಲ. ಬಲಗಾಲಿನ ಗೇರಿನ ಗಾಡಿಯನ್ನಷ್ಟೇ ಓಡಿಸುವ ಬನಶಂಕರಿಯವರೊಬ್ಬರಿಗೆ ಅದನ್ನು ಕೊಟ್ಟೆ. ಮನೆಗೆ ನೂರು ಸಿ.ಸಿ.ಯ ನಾಲ್ಕು ಸ್ಟ್ರೋಕಿನ ಗಾಡಿಯೊಂದು ಬಂದಿದೆ. ಮೊದಲ ತಿಂಗಳು ಅದನ್ನು ಕಣದ ಸುತ್ತ, ತೋಟದೊಳಗೆ ಮಾತ್ರ ಓಡಿಸಿದೆ. ಈಗ ಕಾಲು ಸರಿಯಾದ ಕಡೆಗೇ ಹೋಗುತ್ತಿದೆ.

ನಾನು ಕೊಂಡದ್ದನ್ನೇ ನೀವೂ ಕೊಳ್ಳಬೇಕೆಂದು ಈ ಪಾಠದ ಅರ್ಥವಲ್ಲ. ದೂರದ ಡಾಂಬರು ದಾರಿಯಲ್ಲಿ ಇಬ್ಬರು ಓಡಾಡುವವರಿಗೆ ಭಾರದ ಗಾಡಿಯೇ ಸುಖ. ಮೂಟೆ ಸಾಗಿಸುವುದೇ ಮುಖ್ಯವಾದರೆ ಎಕ್ಸ್.ಎಲ್.ನಂಥದು ಸಾಕು. ಘಾಟಿ ಇಳಿದು ಹತ್ತುವವರಿಗೆ ನಾಲ್ಕು ಸ್ಟ್ರೋಕಿನ ಹಿಡಿತ ಬೇಕು. ಯಾವುದು ಒಳ್ಳೆಯ ಗಾಡಿ ಎಂದು ಕೇಳುವ ಬದಲು, ನನ್ನ ದಾರಿ ಯಾವುದು, ನನ್ನ ಹೊರೆ ಎಷ್ಟು, ನನ್ನ ಮನೆಯಲ್ಲಿ ಓಡಿಸುವವರು ಯಾರು ಎಂದು ಮೊದಲು ಕೇಳಿಕೊಳ್ಳಿ. ಬೆಂಗಳೂರಿನ ಮಕ್ಕಳು ಪ್ರೀತಿಯಿಂದ ಹೇಳುವ ಮಾತನ್ನು ಕೇಳಿ. ಆದರೆ ಮುಂಗಡ ಕೊಡುವ ಮೊದಲು, ಭಾರ ಹೇರಿ, ಏರಿನಲ್ಲೂ ಇಳಿಜಾರಿನಲ್ಲೂ ಒಮ್ಮೆ ನೀವೇ ಓಡಿಸಿ ನೋಡಿ.